208 ಡಿಗ್ರಿಯಲ್ಲಿ ಆ ಫ್ಲ್ಯಾಂಜ್ ಎಷ್ಟು ತಡೆಯುತ್ತದೆ?

ಹೊಸ ಸ್ಟೀಮ್ ಪೈಪಿಗೆ ನೀರು ತುಂಬಿ ಹ್ಯಾಂಡ್ ಪಂಪ್ ಒತ್ತಿ ಒತ್ತಿ ಒತ್ತಡದ ಗೇಜಿನ ಮುಳ್ಳು 26.5 ಕೆಜಿಗೆ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅನ್ನುವ ಲೆಕ್ಕ) ಬಂದು ನಿಂತಿತು. ಅರ್ಧ ಗಂಟೆ ಕಾದೆವು. ಮುಳ್ಳು ಕದಲಲಿಲ್ಲ. ನಮ್ಮ ಹಿರಿಯ ಫಿಟ್ಟರ್ ಶೆಡ್ಡಿನಲ್ಲಿ ಎಲ್ಲರಿಗೂ ಕಾಕಾ. ಅವರು ಒಂದೊಂದು ಜಾಯಿಂಟಿನ ಸುತ್ತ ಬೆರಳಾಡಿಸಿ ನೋಡಿದರು. ಒಂದು ಹನಿ ನೀರಿಲ್ಲ. "ನಾಳೆ ಗಾಡಿಗೆ ಹೇರಬಹುದ್ರಿ" ಅಂದರು. ನನಗೂ ಸಮಾಧಾನವಾಯಿತು. ಆ ಪೈಪಿನ ಹದಿನಾರು ಫ್ಲ್ಯಾಂಜುಗಳನ್ನೂ, ಅಂದರೆ ಪೈಪಿನ ತುದಿಗೆ ಬೆಸೆದು ಬೋಲ್ಟಿನಿಂದ ಕೂಡಿಸುವ ಉಕ್ಕಿನ ಬಳೆಗಳನ್ನೂ, ಕತ್ತರಿಸಿ ತೆಗೆಯಬೇಕು ಅಂತ ಗೊತ್ತಾಗಿದ್ದು ಅವತ್ತು ರಾತ್ರಿ.

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಟ್ಯಾಂಕು, ಸ್ಟೀಮ್ ಲೈನು, ಪೈಪ್ ಸಪೋರ್ಟು, ಇಂಥ ಕೆಲಸ. ಆಗ ಬ್ಯಾಡಗಿ ಕಡೆಯ ಒಂದು ಘಟಕದ ಸ್ಟೀಮ್ ಲೈನ್ ನಮಗೆ ಸಿಕ್ಕಿತ್ತು. ಮೆಣಸಿನಕಾಯಿಯಿಂದ ಬಣ್ಣದ ಸಾರ ತೆಗೆಯುವ ಘಟಕ ಅದು. ಸಾರದಿಂದ ಸಾಲ್ವೆಂಟ್ ಬಿಡಿಸಲು ಸ್ಟೀಮ್ ಬೇಕೇ ಬೇಕು. ಬಾಯ್ಲರ್ 17.5 ಕೆಜಿಯದು. ಬಾಯ್ಲರ್ ಮನೆಯಿಂದ ಪ್ರೆಶರ್ ಇಳಿಸುವ ವಾಲ್ವ್ ತನಕ ನಾಲ್ಕು ಇಂಚಿನ ಲೈನ್. ಅಲ್ಲಿ 7 ಕೆಜಿಗೆ ಇಳಿದು, ಮುಂದೆ ಆರು ಇಂಚಿನ ಲೈನ್.

ಸಾಮಾನಿನ ಪಟ್ಟಿ ಬರೆದುಕೊಟ್ಟವನು ನಾನೇ. "ಫ್ಲ್ಯಾಂಜ್, ಎ105, ಕ್ಲಾಸ್ 150" ಅಂತ ಕಣ್ಣುಮುಚ್ಚಿ ಬರೆದಿದ್ದೆ. ಎ105 ಅಂದರೆ ಸಾದಾ ಉಕ್ಕಿನ ಒಂದು ಗ್ರೇಡು, ಕ್ಲಾಸ್ ಅಂದರೆ ಒತ್ತಡದ ದರ್ಜೆ. ನನ್ನ ತಲೆಯಲ್ಲಿ ಇದ್ದ ಲೆಕ್ಕ ಸುಲಭದ್ದು. 150ರ ಫ್ಲ್ಯಾಂಜ್ 19.6 ಬಾರ್ ತಡೆಯುತ್ತದೆ, ನಮ್ಮದು 17.5 ಕೆಜಿ, ಅಂದರೆ ಸುಮಾರು 17.2 ಬಾರ್. ಇನ್ನೂ ಎರಡು ಬಾರ್ ಮಿಗುತ್ತದೆ, ಅಲ್ವಾ? ಅಂಗಡಿಯಿಂದ ಬಂದ ಫ್ಲ್ಯಾಂಜುಗಳೂ ಚೆನ್ನಾಗಿದ್ದವು. ಫೋರ್ಜಿಂಗ್ ಮಾಲು, ಅಂಚಿನ ಮೇಲೆ ಸೈಜು, ಕ್ಲಾಸು, ಎ105, ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಗುರುತು) ಎಲ್ಲ ಕೆತ್ತಿತ್ತು. ಬಾಯ್ಲರ್ ನಿಯಮಗಳ (ಐಬಿಆರ್) ಪ್ರಕಾರದ ಸರ್ಟಿಫಿಕೇಟ್, ಫಾರಂ 3-ಸಿ, ಜೊತೆಗೇ ಬಂದಿತ್ತು.

ರಾತ್ರಿ ಊಟ ಮುಗಿಸಿ, ಬಾಯ್ಲರ್ ಇಲಾಖೆಗೆ ಕೊಡಬೇಕಾದ ಡ್ರಾಯಿಂಗಿನ ಕೆಳಗೆ ಲೈನಿನ ವಿವರ ತುಂಬುತ್ತಾ ಕೂತೆ. ಒತ್ತಡದ ಕಾಲಂ ತುಂಬಿದೆ. ಪಕ್ಕದಲ್ಲಿ ಉಷ್ಣತೆಯ ಕಾಲಂ. ಸ್ಟೀಮ್ ಟೇಬಲ್ ತೆಗೆದು ನೋಡಿದೆ. 17.5 ಕೆಜಿಯ ಸ್ಯಾಚುರೇಟೆಡ್ ಸ್ಟೀಮ್, ಅಂದರೆ ಆ ಒತ್ತಡದಲ್ಲಿ ನೀರು ಕುದಿಯುವ ಉಷ್ಣತೆಯಲ್ಲೇ ಇರುವ ಸ್ಟೀಮ್, ಹತ್ತಿರ ಹತ್ತಿರ 208 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬರೆದೆ. ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ನಾನು ನೆನಪಿಟ್ಟುಕೊಂಡಿದ್ದ 19.6 ಎಷ್ಟು ಡಿಗ್ರಿಯದು?

ಫ್ಲ್ಯಾಂಜುಗಳ ಅಮೆರಿಕನ್ ಮಾನದಂಡವಾದ ಬಿ16.5 ಪುಸ್ತಕದ ಕೋಷ್ಟಕ ತೆಗೆದೆ. ಎ105ರ ಸಾಲು ಹೀಗಿದೆ: 38 ಡಿಗ್ರಿ ತನಕ 19.6 ಬಾರ್. 100ಕ್ಕೆ 17.7. 150ಕ್ಕೆ 15.8. 200ಕ್ಕೆ 13.8. 250ಕ್ಕೆ 12.1. 300ಕ್ಕೆ 10.2. ಎರಡು ಸಾಲಿನ ನಡುವೆ ಲೆಕ್ಕ ಹಾಕಿದರೆ 208 ಡಿಗ್ರಿಗೆ 13.5 ಬಾರ್ ಬರುತ್ತದೆ. ನಮಗೆ ಬೇಕಾಗಿದ್ದು 17.2. ಅದೇ ಪುಸ್ತಕದಲ್ಲಿ ಕ್ಲಾಸ್ 300 ನೋಡಿದರೆ 200 ಡಿಗ್ರಿಗೆ 43.8, 250ಕ್ಕೆ 41.9. ಅಲ್ಲಿ ಯೋಚನೆಯೇ ಇಲ್ಲ.

ಅವತ್ತು ನಿದ್ದೆ ಬರಲಿಲ್ಲ.

150 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ತಿಳಿದರೆ ಈ ತಪ್ಪು ಆಗುವುದಿಲ್ಲ. ನಮ್ಮ ಪೇಟೆಯಲ್ಲಿ ಈಗಲೂ "ನೂರೈವತ್ತು ಪೌಂಡಿನ ಫ್ಲ್ಯಾಂಜ್" ಅಂತಲೇ ಕೇಳುತ್ತಾರೆ. ಹಳೆಯ ಕಾಲದಲ್ಲಿ ಅದು 500 ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ 260 ಸೆಲ್ಸಿಯಸ್ಸಿನ ಸ್ಟೀಮಿಗೆ ಚದರ ಇಂಚಿಗೆ 150 ಪೌಂಡ್ ಅನ್ನುವ ಲೆಕ್ಕದಿಂದ ಬಂದ ಹೆಸರು. ಈಗ ಅದು ಹೆಸರಾಗಿ ಮಾತ್ರ ಉಳಿದಿದೆ. ತಣ್ಣಗಿದ್ದಾಗ ಅದೇ ಫ್ಲ್ಯಾಂಜ್ 285 ಪೌಂಡ್ ತಡೆಯುತ್ತದೆ. 300, 600, 900, 1500, 2500 ಎಲ್ಲವೂ ಹಾಗೇ. ಆ ಸಂಖ್ಯೆಯನ್ನು ಹಿಡಿದು ಕೋಷ್ಟಕಕ್ಕೆ ಹೋಗಬೇಕು. ಲೋಹ ಯಾವುದು, ಉಷ್ಣತೆ ಎಷ್ಟು ಅಂತ ನೋಡಿದ ಮೇಲೇ ಒತ್ತಡ ಸಿಗುತ್ತದೆ. ಕಬ್ಬಿಣ ಕಾದಷ್ಟೂ ಅದರ ಬಲ ಇಳಿಯುತ್ತದೆ. ಕುಲುಮೆಯ ಮುಂದೆ ಕೂತವರಿಗೆ ಇದು ಹೊಸ ಮಾತಲ್ಲ. 208 ಡಿಗ್ರಿಯಲ್ಲಿ ಕಬ್ಬಿಣ ಕೆಂಪಾಗುವುದಿಲ್ಲ, ನೋಡಲು ಹಾಗೇ ಇರುತ್ತದೆ, ಅದಕ್ಕೇ ನಮಗೆ ಮರೆತುಹೋಗುತ್ತದೆ.

ಹಾಗಾದರೆ 26.5 ಕೆಜಿಯ ಟೆಸ್ಟ್ ಹೇಗೆ ಪಾಸಾಯಿತು? ಬೆಳಿಗ್ಗೆ ಘಟಕದ ಮಾಲೀಕರಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ ಇದೇ. "ಟೆಸ್ಟ್ ಪಾಸ್ ಆಗೇತಲ್ರಿ, ಮತ್ತ ಯಾಕ ಕಡೀತೀರಿ?" ಕೇಳಬೇಕಾದ ಪ್ರಶ್ನೆಯೇ. ಟೆಸ್ಟ್ ಮಾಡಿದ್ದು ತಣ್ಣೀರಿನಲ್ಲಿ. ತಣ್ಣಗಿನ 19.6ಕ್ಕೆ ಒಂದೂವರೆ ಪಟ್ಟು ಅಂದರೆ 30 ಬಾರ್ ತನಕ ಕ್ಲಾಸ್ 150ರ ಫ್ಲ್ಯಾಂಜನ್ನು ಟೆಸ್ಟ್ ಮಾಡಲು ಪುಸ್ತಕವೇ ಒಪ್ಪುತ್ತದೆ. ನಾವು 26 ಬಾರಿಗೆ ಮಾಡಿದ್ದೆವು. ಪಾಸಾಗದೆ ಇನ್ನೇನು? ಆ ಟೆಸ್ಟ್ ನಮ್ಮ ವೆಲ್ಡಿಂಗ್ ಗಟ್ಟಿ ಇದೆ ಅಂತ ಹೇಳಿತು. ಸ್ಟೀಮ್ ಬಿಟ್ಟ ಮೇಲೆ ಏನಾಗುತ್ತದೆ ಅಂತ ಅದು ಹೇಳಲಿಲ್ಲ, ಹೇಳುವುದೂ ಇಲ್ಲ. ಫಾರಂ 3-ಸಿ ಕೂಡ ಸುಳ್ಳಲ್ಲ. ಅದು ಒಳ್ಳೆಯ ಕ್ಲಾಸ್ 150ರ ಫ್ಲ್ಯಾಂಜ್ ಅಂತ ಹೇಳುತ್ತದೆ. ಎಲ್ಲಿ ಹಾಕಬೇಕು ಅನ್ನುವುದು ನಮ್ಮ ಜವಾಬ್ದಾರಿ.

ಅವರ ಎರಡನೇ ಮಾತು ಇನ್ನೂ ಕಷ್ಟದ್ದು. "ನಾವು ಓಡಿಸೂದು ಹನ್ನೆರಡು ಕೆಜಿಗೆ ಅಷ್ಟರೀ. ಅಷ್ಟಕ್ಕ ನಡೀತದಲ್ಲ?" ಹನ್ನೆರಡಕ್ಕೆ ನಡೆಯುತ್ತದೆ, ನಿಜ. ಲೆಕ್ಕ ಹಾಕಿದರೆ ಸ್ಯಾಚುರೇಟೆಡ್ ಸ್ಟೀಮಿಗೆ ಈ ಫ್ಲ್ಯಾಂಜ್ ಸುಮಾರು 13.8 ಬಾರ್ ತನಕ ತಾಳುತ್ತದೆ. ಆದರೆ ಬಾಯ್ಲರಿನ ಸೇಫ್ಟಿ ವಾಲ್ವ್ ಹಾರುವುದು 17.5ಕ್ಕೆ. ಬಾಯ್ಲರಿನ ಪ್ರೆಶರ್ ಸ್ವಿಚ್ ಕೈಕೊಟ್ಟ ದಿನ, ರಾತ್ರಿ ಪಾಳಿಯವನು ಗೇಜ್ ನೋಡದ ದಿನ, ಲೈನಿನೊಳಗೆ ಬರುವುದು ಹನ್ನೆರಡಲ್ಲ. ಲೈನಿನ ಪಕ್ಕ ಓಡಾಡುವವರು ಅವರ ಕೆಲಸಗಾರರು, ನಮ್ಮ ಹುಡುಗರು. ನಾನು ಇದನ್ನು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಖರ್ಚು ಯಾರದ್ರಿ?" ಅಂದರು. ಫ್ಲ್ಯಾಂಜ್ ಮತ್ತು ಕೂಲಿ ನನ್ನದು ಅಂದೆ. ವಾಲ್ವ್ ಬೆಲೆಯ ವ್ಯತ್ಯಾಸ ಅವರು ಕೊಟ್ಟರು. ಸರಿಯಾದ ಹಂಚಿಕೆ ಅಂತ ನನಗೆ ಈಗಲೂ ಅನಿಸುತ್ತದೆ.

ಹೌದು, ವಾಲ್ವ್ ಕೂಡ ಬದಲಾಗಬೇಕಾಯಿತು. ಇದನ್ನು ಕಾಕಾ ಶೆಡ್ಡಿನ ನೆಲದ ಮೇಲೆ ಹುಡುಗರಿಗೆ ತೋರಿಸಿದ ರೀತಿ ನನಗೆ ಮರೆಯುವುದಿಲ್ಲ. 150ರ ನಾಲ್ಕು ಇಂಚಿನ ಫ್ಲ್ಯಾಂಜನ್ನು ಕೆಳಗಿಟ್ಟು ಅದರ ಮೇಲೆ 300ರದ್ದನ್ನು ಇಟ್ಟರು. ಎರಡಕ್ಕೂ ಎಂಟೇ ತೂತು. ಒಂದು ತೂತನ್ನು ಮತ್ತೊಂದರ ಮೇಲೆ ಸರಿಯಾಗಿ ತಂದು, "ಈಗ ಬೋಲ್ಟ್ ಹಾಕ್ರಿ ನೋಡೂಣು" ಅಂದರು. ಹುಡುಗ ಆ ತೂತಿಗೆ ಬೋಲ್ಟ್ ಇಳಿಸಿದ. ಎದುರಿನ ತೂತಿಗೆ ಇಳಿಯಲಿಲ್ಲ. 150ರಲ್ಲಿ ತೂತುಗಳ ವೃತ್ತದ ವ್ಯಾಸ 190.5 ಮಿಮೀ, 300ರಲ್ಲಿ 200. ಎದುರಿನ ತೂತು ಅರ್ಧಚಂದ್ರದ ಹಾಗೆ ಮುಚ್ಚಿಹೋಗಿತ್ತು. 300ರ ತೂತು 22 ಮಿಮೀ, ಅದಕ್ಕೆ ಮುಕ್ಕಾಲು ಇಂಚಿನ ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ನಟ್ ಹಾಕುವ ಬೋಲ್ಟ್). 150ಕ್ಕೆ 19 ಮಿಮೀ, ಐದು ಸೂತಿನ, ಅಂದರೆ 5/8 ಇಂಚಿನ ಸ್ಟಡ್. ಕೆಲವರು ಇಂಥ ಕಡೆ ತೂತನ್ನು ಗ್ಯಾಸ್ ಕಟರಿನಿಂದ ಅಗಲ ಮಾಡಿ ಕೂಡಿಸುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಒತ್ತುವ ಬಲ ಸುತ್ತಲೂ ಸಮ ಇರುವುದಿಲ್ಲ, ಮತ್ತು ಆ ಜೋಡಿಯ ತಾಕತ್ತು ಯಾವಾಗಲೂ ಸಣ್ಣ ಕ್ಲಾಸಿನದ್ದೇ.

ವಾಲ್ವ್ ಬದಲಾದರೆ ಪೈಪಿನ ಉದ್ದವೂ ಬದಲಾಗುತ್ತದೆ ಅನ್ನುವುದು ಎರಡನೇ ಪೆಟ್ಟು. ನಾಲ್ಕು ಇಂಚಿನ ಗ್ಲೋಬ್ ವಾಲ್ವ್ 150ರಲ್ಲಿ ಮುಖದಿಂದ ಮುಖಕ್ಕೆ 292 ಮಿಮೀ, 300ರಲ್ಲಿ 356. ಸಪೋರ್ಟುಗಳನ್ನು ಸೈಟಿನಲ್ಲಿ ಆಗಲೇ ಕಾಂಕ್ರೀಟಿನಲ್ಲಿ ಕೂರಿಸಿದ್ದರು. ಹಾಗಾಗಿ ಒಂದೊಂದು ತುಂಡನ್ನೂ ಮತ್ತೆ ಅಳೆದು, ಕತ್ತರಿಸಿ, ಹೊಸ ವೆಲ್ಡ್‌ನೆಕ್ (ಪೈಪಿಗೆ ಬೆಸೆಯಲು ಕುತ್ತಿಗೆ ಇರುವ ಫ್ಲ್ಯಾಂಜ್) ಹಾಕಿ, ಮತ್ತೆ ಎಕ್ಸ್‌ರೇ, ಮತ್ತೆ ಟೆಸ್ಟ್. ಹತ್ತು ದಿನ ಹಿಡಿಯಿತು.

ಒಂದೇ ಸಮಾಧಾನ ಅಂದರೆ ಆರು ಇಂಚಿನ ಲೈನನ್ನು ಮುಟ್ಟಬೇಕಾಗಲಿಲ್ಲ. ಅಲ್ಲಿ ಒತ್ತಡ 7 ಕೆಜಿ. 7 ಕೆಜಿ ಸ್ಯಾಚುರೇಟೆಡ್ ಸ್ಟೀಮಿನ ಉಷ್ಣತೆ 170. ಆದರೆ ವಾಲ್ವಿನಲ್ಲಿ ಒತ್ತಡ ಬಿದ್ದ ಒಣ ಸ್ಟೀಮ್ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಸಿ ಇರುತ್ತದೆ. ಅದಕ್ಕೆ ನಾನು 190 ಅಂತ ಹಿಡಿದೆ. 190ಕ್ಕೂ ಕ್ಲಾಸ್ 150 ಹದಿನಾಲ್ಕು ಬಾರಿಗಿಂತ ಮೇಲೆ ತಡೆಯುತ್ತದೆ. ಸಾಕಷ್ಟಾಯಿತು.

ಆದರೆ 300 ಎಲ್ಲಿ ಮುಗಿದು 150 ಎಲ್ಲಿ ಶುರುವಾಗಬೇಕು? ಈ ಜಾಗದಲ್ಲೇ ಬಹಳ ಜನ ಎಡವುತ್ತಾರೆ. ಪ್ರೆಶರ್ ಇಳಿಸುವ ವಾಲ್ವಿನ ಆಚೆ ಮುಖದಿಂದ 150 ಅಂತ ಬರೆದುಬಿಡುತ್ತಾರೆ. ಆ ವಾಲ್ವಿನ ಆಚೆಗೊಂದು ಮುಚ್ಚುವ ವಾಲ್ವ್ ಇರುತ್ತದೆ. ರಿಪೇರಿಗೆ ಅದನ್ನು ಮುಚ್ಚಿದಾಗ, ಇಳಿಸುವ ವಾಲ್ವ್ ಒಳಗೇ ಸೋರುತ್ತಿದ್ದರೆ, ನಡುವಿನ ಒಂದು ಮೊಳ ಪೈಪಿನಲ್ಲಿ ಪೂರ್ತಿ 17.5 ಕೆಜಿ ತುಂಬಿಕೊಳ್ಳುತ್ತದೆ. ಇಳಿಸುವ ವಾಲ್ವನ್ನು ಬಳಸಿ ಹೋಗುವ ಬೈಪಾಸ್ ಪೈಪಿನ ವಾಲ್ವಿನದೂ ಅದೇ ಕಥೆ. ಹಾಗಾಗಿ ಆ ಮುಚ್ಚುವ ವಾಲ್ವು, ಬೈಪಾಸು ಎರಡೂ 300ರಲ್ಲೇ ಇರಬೇಕು. ಅವುಗಳ ಆಚೆಗೆ ಕ್ಲಾಸ್ ಇಳಿಸಿ, ಅಲ್ಲೇ ಒಂದು ಸೇಫ್ಟಿ ವಾಲ್ವ್ ಕೂರಿಸಬೇಕು. ಇಳಿಸುವ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಬರುವ ಸ್ಟೀಮನ್ನೆಲ್ಲ ಹೊರಗೆ ಬಿಡುವಷ್ಟು ದೊಡ್ಡದು ಬೇಕು. ಸುಮ್ನೆ ಹೆಸರಿಗೊಂದು ಕೂರಿಸಿದರೆ ಆಗಲ್ಲ.

ಸ್ಟಡ್ಡಿನ ಬಗ್ಗೆ ಎರಡೇ ಮಾತು. ಬಿ7 ಗ್ರೇಡಿನ ಸ್ಟಡ್, 2ಎಚ್ ಗ್ರೇಡಿನ ನಟ್, ತುದಿಯ ಮೇಲೆ ಗುರುತು ನೋಡಿ ತೆಗೆದುಕೊಳ್ಳಿ. ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಬೋಲ್ಟ್ ನೀರಿನ ಲೈನಿಗಿರಲಿ. ಪ್ಲೇಟ್ ಕತ್ತರಿಸಿ ಮಾಡಿದ ಫ್ಲ್ಯಾಂಜೂ ಹಾಗೇ. ಅದರ ಮೇಲೆ 150 ಅಂತ ಹೊಡೆದಿದ್ದರೂ ಬಿ16.5 ಅದನ್ನು ಒಪ್ಪುವುದಿಲ್ಲ. ಪ್ಲೇಟಿನಿಂದ ಮಾಡಲು ಬಿಟ್ಟಿರುವುದು ಬ್ಲೈಂಡು (ಪೈಪಿನ ಬಾಯಿ ಮುಚ್ಚುವ ಫ್ಲ್ಯಾಂಜ್) ಮತ್ತು ಹಬ್, ಅಂದರೆ ಕುತ್ತಿಗೆಯ ಉಬ್ಬು, ಇಲ್ಲದ ರೆಡ್ಯೂಸಿಂಗ್ (ಸೈಜ್ ಇಳಿಸುವ) ಫ್ಲ್ಯಾಂಜಿಗೆ ಮಾತ್ರ.

ಈ ವಾರ ಅದೇ ಮಾಲೀಕರು ಮತ್ತೆ ಫೋನ್ ಮಾಡಿದ್ದರು. ಹೊಸದೊಂದು ಲೈನ್. ಆಹಾರದ ಮಾಲು, ಅದಕ್ಕೆ ಸ್ಟೇನ್‌ಲೆಸ್ ಬೇಕು, 316ಎಲ್, ಅಂದರೆ 316 ಗ್ರೇಡಿನ ಕಮ್ಮಿ ಕಾರ್ಬನ್ನಿನ ರೂಪ. "ಎಸ್ಎಸ್ ಅಂದ ಮ್ಯಾಲ ಗಟ್ಟಿನ ಇರ್ತದ, ನೂರೈವತ್ತು ಸಾಕಲ್ರಿ?" ಅಂದರು. ನಾನು ಫೋನಿನಲ್ಲೇ ಕೋಷ್ಟಕ ಓದಿ ಹೇಳಿದೆ. 316ಎಲ್ ತಣ್ಣಗಿದ್ದಾಗಲೇ 15.9 ಬಾರ್, ನಮ್ಮ ಸಾದಾ ಎ105ಕ್ಕಿಂತ ಕಮ್ಮಿ. 200 ಡಿಗ್ರಿಗೆ 11.2. ತುಕ್ಕು ತಡೆಯುವುದರಲ್ಲಿ ಅದು ಮುಂದೆ, ಒತ್ತಡ ತಡೆಯುವುದರಲ್ಲಿ ಹಿಂದೆ. ಬರೀ 316 ಆದರೆ 200 ಡಿಗ್ರಿಗೆ 13.7 ಸಿಗುತ್ತದೆ. ಎರಡೂ ಗ್ರೇಡಿನ ಸರ್ಟಿಫಿಕೇಟ್ ಇರುವ ಮಾಲು ಪೇಟೆಯಲ್ಲಿ ಬರುತ್ತದೆ, ಅದನ್ನೇ ತರಿಸಲು ಹೇಳಿದ್ದೇನೆ.

ಈ ಸಲ ಅವರೇ ಕೇಳಿದರು: "ಟೆಂಪರೇಚರ್ ಎಷ್ಟು ಬರೀಲಿ?" 165 ಅಂತ ಹೇಳಿದೆ. ಮಾಲು ಸೋಮವಾರ ಬರುತ್ತದೆ. ಗಾಡಿಯಿಂದ ಇಳಿಸುವ ಮುಂಚೆ ಒಂದೊಂದರ ಅಂಚನ್ನೂ ಓದಿ ನೋಡಬೇಕು ಅಂತ ಕಾಕಾ ಹುಡುಗರಿಗೆ ಆಗಲೇ ಹೇಳಿಟ್ಟಿದ್ದಾರೆ.