ಸಾಕಣೆಯಲ್ಲೂ ಬೇಟೆಯಲ್ಲೂ ಮೀನಿನ ನೋವು ತಗ್ಗಿಸುವ ಬಗೆ

ಮೀನಿನ ಯೋಗಕ್ಷೇಮದ ಕೆಲಸ ನೀರಿನಿಂದ ಆರಂಭವಾಗಬೇಕು, ಏಕೆಂದರೆ ಮೀನು ಉಸಿರಾಡುವುದೂ ಮಲ ವಿಸರ್ಜಿಸುವುದೂ ಒಂದೇ ನೀರಿನಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬೆಚ್ಚನೆಯ ನೀರಿನಲ್ಲಿ ಬಾಳುವ ತಳಿಗಳಿಗೂ ಪ್ರಮಾಣ 5 ಮಿಲಿಗ್ರಾಂಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು. ರಾತ್ರಿಯಿಡೀ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಕೊಳದಲ್ಲಿ ಅದರ ಕೊರತೆ ತೀವ್ರವಾಗುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು. ಆದ್ದರಿಂದ ಆ ಹೊತ್ತಿನಲ್ಲೇ, ತಳದ ಹತ್ತಿರವೂ ಅಳೆಯಬೇಕು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅವು ಆಗಲೇ ಸಂಕಟದಲ್ಲಿವೆ ಎಂದರ್ಥ: ತಕ್ಷಣ ನೀರಿಗೆ ಗಾಳಿ ಬೆರೆಸುವ ಏರೇಟರ್ ಚಾಲೂ ಮಾಡಿ, ಅಂದಿನ ಮೇವನ್ನು ನಿಲ್ಲಿಸಿ. ಮೀನಿನ ವಿಸರ್ಜನೆಯಿಂದ ನೀರಿಗೆ ಸೇರುವ ಅಮೋನಿಯವನ್ನು ಮಾತ್ರ ಮಧ್ಯಾಹ್ನದ ನಂತರ ಪರೀಕ್ಷಿಸುವುದು ಸೂಕ್ತ, ಏಕೆಂದರೆ ಆಗ ನೀರಿನ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) ಮತ್ತು ಉಷ್ಣತೆ ಎರಡೂ ಏರಿರುತ್ತವೆ ಹಾಗೂ ಅದೇ ಅಮೋನಿಯ ಹೆಚ್ಚು ವಿಷವಾಗುತ್ತದೆ.

ಎಷ್ಟು ಮರಿ ಬಿಡಬೇಕೆಂಬುದಕ್ಕೆ ಎಲ್ಲ ತಳಿಗೂ ಹೊಂದುವ ಒಂದೇ ಸಂಖ್ಯೆಯಿಲ್ಲ. ದಟ್ಟಣೆ ಹೆಚ್ಚಾದರೆ ನೀರು ಕೆಡುತ್ತದೆ, ರೆಕ್ಕೆಗಳು ಸವೆಯುತ್ತವೆ. ಆದರೆ ತಿಲಾಪಿಯಾದಂತಹ ಮೀನುಗಳು ತೀರಾ ವಿರಳವಾಗಿದ್ದಾಗ ಜಾಗಕ್ಕಾಗಿ ಪರಸ್ಪರ ಕಚ್ಚಾಡುವುದೂ ಉಂಟು. ಹರಿದ ರೆಕ್ಕೆ, ಮೈಮೇಲಿನ ಗಾಯ, ಮೇವಿಗೆ ಬಾರದ ಮೀನು, ಈ ಮೂರನ್ನು ಪ್ರತಿದಿನ ಗಮನಿಸುವವರಿಗೆ ಲೆಕ್ಕಪಟ್ಟಿಗಿಂತ ಕೊಳವೇ ಹೆಚ್ಚು ತಿಳಿಸುತ್ತದೆ.

ಮೀನನ್ನು ಮುಟ್ಟಲೇಬೇಕಾದಾಗ ಕೈ ಒದ್ದೆಯಾಗಿರಲಿ. ಮೈಮೇಲಿನ ಲೋಳೆಯೇ ರೋಗಾಣುಗಳನ್ನು ತಡೆಯುವ ಮೊದಲ ಕವಚ. ಒಣಗಿದ ಕೈ ಮತ್ತು ಗಂಟುಳ್ಳ ಒರಟು ಬಲೆ ಅದನ್ನು ಕಿತ್ತು ಹಾಕುತ್ತವೆ. ಗಂಟಿಲ್ಲದ ಬಲೆಯನ್ನು ಬಳಸಿ, ಬಾಲ ಹಿಡಿದು ನೇತಾಡಿಸಬೇಡಿ.

ಹಿಡಿಯುವ ಮೀನುಗಾರಿಕೆಯಲ್ಲಿ ಎಲ್ಲವೂ ನಮ್ಮ ಹತೋಟಿಯಲ್ಲಿರುವುದಿಲ್ಲ, ಆದರೆ ಸಮಯ ಬಹುಮಟ್ಟಿಗೆ ಇರುತ್ತದೆ. ಬಲೆಯನ್ನು ಎಳೆಯುವ ಅಥವಾ ನೀರಿನಲ್ಲಿ ಬಿಟ್ಟಿರುವ ಅವಧಿಯನ್ನು ಕಡಿಮೆ ಮಾಡಿದರೆ, ಸಿಕ್ಕಿಬಿದ್ದ ಮೀನು ಒತ್ತಡದಲ್ಲಿ ಜಜ್ಜಿಹೋಗುವುದೂ ಗಂಟೆಗಟ್ಟಲೆ ಒದ್ದಾಡುವುದೂ ತಪ್ಪುತ್ತದೆ. ಆಳದಿಂದ ಎತ್ತಿದ ಮೀನಿನ ಗಾಳಿಚೀಲ ಹಿಗ್ಗಿ ಒಳಾಂಗಗಳನ್ನು ತಳ್ಳುವುದರಿಂದ, ವಾಪಸ್ ಬಿಡಬೇಕಾದ ತಳಿಗಳಿರುವ ಆಳದಲ್ಲಿ ಗಾಳ ಹಾಕದಿರುವುದೇ ಮೇಲು. ಮುಳ್ಳಿಲ್ಲದ ಕೊಕ್ಕೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಬಿಡಬೇಕಾದ ಮೀನು ಕೊಕ್ಕೆಯನ್ನು ಆಳವಾಗಿ ನುಂಗಿದ್ದರೆ ಎಳೆಯದೆ ದಾರವನ್ನು ಹತ್ತಿರದಲ್ಲೇ ಕತ್ತರಿಸಿ.

ಅತಿ ಹೆಚ್ಚು ಉಪೇಕ್ಷೆಗೆ ಒಳಗಾಗಿರುವುದು ಸಾವಿನ ಗಳಿಗೆ. ಜೀವವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಟಿಗೆ ಆಮ್ಲ ಚುಚ್ಚಿಸಿಕೊಂಡ ಟ್ರೌಟ್ ಮೀನುಗಳು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡವು, ಮೇವಿನಿಂದ ದೂರ ಉಳಿದವು. ಇಷ್ಟು ತಿಳಿದ ಮೇಲೂ ಮೀನನ್ನು ಗಾಳಿಯಲ್ಲಿ ಉಸಿರುಗಟ್ಟಲು ಬಿಡುವುದಕ್ಕೆ ಸಮರ್ಥನೆಯಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಜೀವಂತವಾಗಿ ಮಂಜುಗಡ್ಡೆಗೆ ಹಾಕುವುದೂ ಪರಿಹಾರವಲ್ಲ, ತಣ್ಣಗಾದ ದೇಹ ಆಮ್ಲಜನಕವನ್ನು ನಿಧಾನವಾಗಿ ಬಳಸುವುದರಿಂದ ಪ್ರಜ್ಞೆ ಹೋಗಲು ಇನ್ನಷ್ಟು ಹೊತ್ತು ಹಿಡಿಯಬಹುದು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಜಲಚರ ಸಂಹಿತೆಯೂ ಈ ಎರಡು ವಿಧಾನಗಳನ್ನು ಯೋಗಕ್ಷೇಮಕ್ಕೆ ಹಾನಿಕರವೆಂದೇ ಗುರುತಿಸಿದೆ.

ಸರಿಯಾದ ಕ್ರಮವೆಂದರೆ ಮೊದಲು ಮೂರ್ಛೆ, ಆಮೇಲೆ ರಕ್ತಸ್ರಾವ. ದೊಡ್ಡ ಮೀನಿಗೆ, ಕಣ್ಣುಗಳಿಂದ ತುಸು ಹಿಂದೆ, ಮಿದುಳಿರುವ ಜಾಗದ ಮೇಲೆ ಭಾರವಾದ ಕೋಲಿನಿಂದ ಒಂದೇ ಬಲವಾದ ಪೆಟ್ಟು ಬೀಳಬೇಕು. ಕೂಡಲೇ ಕಿವಿರುಗಳನ್ನು ಕತ್ತರಿಸಬೇಕು. ಸಂಖ್ಯೆ ಹೆಚ್ಚಿದ್ದರೆ ಆಯಾ ತಳಿ ಮತ್ತು ಗಾತ್ರಕ್ಕೆ ಹೊಂದಿಸಿದ ವಿದ್ಯುತ್ ಉಪಕರಣ ಬೇಕಾಗುತ್ತದೆ. ಮನೆಯಲ್ಲಿ ಜೋಡಿಸಿದ ತಂತಿಗಳಿಂದ ಇದನ್ನು ಎಂದೂ ಪ್ರಯತ್ನಿಸಬಾರದು. ಮೂರ್ಛೆ ಬಂದಿದೆಯೇ ಎಂದು ತಿಳಿಯಲು ಮೀನನ್ನು ಪಕ್ಕದಿಂದ ಪಕ್ಕಕ್ಕೆ ಹೊರಳಿಸಿ ನೋಡಿ: ಪ್ರಜ್ಞೆಯಿದ್ದರೆ ದೇಹ ಹೊರಳಿದರೂ ಕಣ್ಣು ತನ್ನ ನೇರವನ್ನು ಉಳಿಸಿಕೊಳ್ಳಲು ತಿರುಗುತ್ತದೆ, ಇಲ್ಲವಾದರೆ ತಲೆಯೊಂದಿಗೇ ಹೊರಳುತ್ತದೆ. ಕಿವಿರಿನ ಮುಚ್ಚಳ ಲಯಬದ್ಧವಾಗಿ ಆಡುತ್ತಿದ್ದರೂ ಮೂರ್ಛೆ ಆಗಿಲ್ಲವೆಂದೇ ತಿಳಿದು ತಡಮಾಡದೆ ಮತ್ತೊಮ್ಮೆ ಹೊಡೆಯಿರಿ. ಕೆಲಸಗಾರರ ಕೈ ಸೋತಾಗ ಪೆಟ್ಟು ಗುರಿ ತಪ್ಪುವುದು ಸಹಜವಾದ್ದರಿಂದ ಸರದಿ ಬದಲಿಸುತ್ತಿರಬೇಕು, ಮತ್ತು ಆಗಿಂದಾಗಲೇ ಮೂರ್ಛೆಗೊಳಿಸಲು ಆಗುವಷ್ಟು ಮೀನುಗಳನ್ನು ಮಾತ್ರ ನೀರಿನಿಂದ ಮೇಲೆತ್ತಬೇಕು.