ಸಿನಮನ್ ಪಾಸ್ ಇಳಿದದ್ದು

ಮಳವಳ್ಳಿಯ ಸುತ್ತಮುತ್ತ ಮೂವತ್ತು ವರ್ಷ ಜೀಪು ಓಡಿಸಿದ ಧೈರ್ಯದ ಮೇಲೆ, ಡೆನ್ವರಿನ ಮಗಳ ಮನೆಗೆ ಹೋಗಿದ್ದಾಗ ಕೊಲೊರಾಡೊದ ಆಲ್ಪೈನ್ ಲೂಪ್ ದಾರಿಯಲ್ಲಿ ನಾನೇ ಗಾಡಿ ಓಡಿಸುತ್ತೇನೆಂದು ಹಟ ಹಿಡಿದೆ. ಸಿಲ್ವರ್ಟನ್, ಲೇಕ್ ಸಿಟಿ, ಯೂರೇ ಎಂಬ ಹಳೆಯ ಗಣಿ ಊರುಗಳ ನಡುವಿನ ಈ ಸುಮಾರು 65 ಮೈಲಿಯ ದಾರಿ, 19ನೆಯ ಶತಮಾನದಲ್ಲಿ ಬೆಳ್ಳಿ, ಚಿನ್ನದ ಅದಿರನ್ನು ಹೇಸರಗತ್ತೆಗಳ ಮೇಲೆ ಹೊರಿಸಿ ಇಳಿಸುತ್ತಿದ್ದ ಜಾಡು; ಹಿಮ ಕರಗಿದ ಮೇಲೆ ಕೆಲವೇ ತಿಂಗಳು ತೆರೆದಿರುತ್ತದೆ.

ಸಿಲ್ವರ್ಟನ್ನಿನಿಂದ ಹೊರಟು, 11,200 ಅಡಿ ಎತ್ತರದ ಆನಿಮಸ್ ಫೋರ್ಕ್ಸ್ ಎಂಬ ಪಾಳು ಊರಿನಲ್ಲಿ ನಿಂತೆವು. ಗಣಿಗಳು ಮುಚ್ಚಿದ ಮೇಲೆ ಜನ ಬಿಟ್ಟುಹೋದ ಮರದ ಮನೆಗಳು ಅಲ್ಲಿ ಇಂದಿಗೂ ನಿಂತಿವೆ. ಇದೇ ಪರ್ವತಶ್ರೇಣಿಯ ಏಮ್ಸ್ ಎಂಬಲ್ಲಿ 1891ರಲ್ಲಿ ಗಣಿಗೆಂದೇ ಜಲವಿದ್ಯುತ್ ಉತ್ಪಾದಿಸಿದ್ದರಂತೆ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿದದ್ದು ನೆನಪಾಗಿ, ಪರದೇಶವೆಂಬ ಅಳುಕು ಸ್ವಲ್ಪ ಕಡಿಮೆಯಾಯಿತು.

ಅಲ್ಲಿಂದ 12,640 ಅಡಿ ಎತ್ತರದ ಬೆಟ್ಟದ ಕಣಿವೆದಾರಿಯಾದ ಸಿನಮನ್ ಪಾಸ್‌ಗೆ ನಾಲ್ಕೂ ಚಕ್ರಗಳಿಗೆ ನಿಧಾನದ, ಹೆಚ್ಚು ಬಲದ ಗೇರು ಕೊಡುವ ಫೋರ್ ವ್ಹೀಲ್ ಲೋ ಹಾಕಿ ಏರಿದೆ. ಆ ಎತ್ತರದಲ್ಲಿ ಗಾಳಿ ತೆಳುವಾಗಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಲ್ಲಿರುವ ಶಕ್ತಿಯ ಸುಮಾರು ಮೂರನೇ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೂ ಗಾಡಿ ಏದುಸಿರು ಬಿಡುವಂತೆ ತೆವಳುತ್ತದೆ. ಸ್ಟಿಯರಿಂಗ್ ಎಡಗಡೆ ಇರುವುದರಿಂದ ಬಲಗಡೆಯ ಚಕ್ರಕ್ಕೂ ಪ್ರಪಾತದ ಅಂಚಿಗೂ ಎಷ್ಟು ಅಂತರವಿದೆಯೆಂಬ ಅಂದಾಜೇ ನನಗೆ ಸಿಗಲಿಲ್ಲ. ಪಕ್ಕದಲ್ಲಿದ್ದ ಅಳಿಯ ಕಿಟಕಿಯಿಂದ ಬಗ್ಗಿ ನೋಡಿ ಹೇಳುತ್ತಿದ್ದ.

ತಪ್ಪಿದ್ದು ಇಳಿಯುವಾಗ. "ಹತ್ತಿದ ಗೇರಲ್ಲೇ ಇಳೀಬೇಕು ಕಣಣ್ಣ" ಎಂದು ನಮ್ಮೂರಿನ ಮೆಕ್ಯಾನಿಕ್ ಎಷ್ಟೋ ಸಲ ಹೇಳಿದ್ದ. ಬಿಳಿಗಿರಿರಂಗನ ಬೆಟ್ಟದಿಂದ ನಾನು ಇಳಿಯುವುದೂ ಹಾಗೆಯೇ. ಆದರೆ ಬಾಡಿಗೆಯ ಜೀಪು ಆಟೋಮ್ಯಾಟಿಕ್. ಕ್ಲಚ್ ಇಲ್ಲವಲ್ಲ, ಗೇರಿನ ಚಿಂತೆ ಗಾಡಿಯದೇ ಎಂದುಕೊಂಡು ಲಿವರನ್ನು ಗೇರು ತಾನಾಗಿ ಬದಲಾಗುವ ಡಿ (ಡ್ರೈವ್) ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತ ಬಂದೆ. ನಾಲ್ಕನೆಯ ತಿರುವಿನ ಹೊತ್ತಿಗೆ ಬ್ರೇಕು ಕಾದು ಪೆಡಲು ಮೆತ್ತಗಾಗಿ, ಸುಟ್ಟ ರಬ್ಬರಿನಂಥ ವಾಸನೆ ಒಳಗೆ ಬಂತು. "ಮಾವ, ಅಗಲ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿಬಿಡಿ" ಎಂದ ಅಳಿಯ.

ಕಾದ ಬ್ರೇಕ್ ಡಿಸ್ಕಿಗೆ ನೀರು ಹಾಕಿದರೆ ಅದು ಸೊಟ್ಟಗಾದೀತು. ಆದ್ದರಿಂದ ಚಕ್ರಗಳಿಗೆ ಕಲ್ಲು ಕೊಟ್ಟು ಅರ್ಧ ಗಂಟೆ ಸುಮ್ಮನೆ ಕೂತೆವು. ಆಮೇಲೆ ಲಿವರನ್ನು ಕೈಯಾರೆ ಮೊದಲನೆಯ ಗೇರಿಗೆ ತಂದಾಗ ಎಂಜಿನ್ನೇ ಗಾಡಿಯನ್ನು ನಡಿಗೆಯ ವೇಗದಲ್ಲಿ ಹಿಡಿದಿಟ್ಟಿತು. ಎದುರಿಗೆ ಏರಿ ಬರುವವರಿಗೆ ದಾರಿ ಬಿಡಬೇಕಾದವರು ಇಳಿಯುವವರು. ಅದಕ್ಕಾಗಿ ಎರಡು ಸಲ ಹಿಂದಕ್ಕೆ ಏರಿಸಿದ್ದು ಬಿಟ್ಟರೆ, ಲೇಕ್ ಸಿಟಿಯ ಕಡೆಯ ಸಮತಟ್ಟಾದ ರಸ್ತೆ ಸಿಗುವವರೆಗೂ ಬ್ರೇಕಿಗೆ ಹೆಚ್ಚು ಕೆಲಸವಿರಲಿಲ್ಲ.