ತಾಯಿ ಬಳ್ಳಿಗೆ ಕೆಂಪು ಬಟ್ಟೆ ಕಟ್ಟಿದ ಮೇಲೆ

ಒಂಬತ್ತು ವರ್ಷದ ಹಿಂದೆ ನಮ್ಮ ಅಡಿಕೆ ತೋಟಕ್ಕೆ 60 ಕಾಳುಮೆಣಸಿನ ಗಿಡ ಕೊಂಡು ತಂದು ನೆಟ್ಟೆ. ಕೊಟ್ಟೆಯಲ್ಲಿ, ಅಂದರೆ ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲದಲ್ಲಿ ಇದ್ದಾಗ ಎಲ್ಲವೂ ಹಸಿರಾಗಿ, ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದವು. ಎರಡನೇ ಮಳೆಗಾಲದ ಆಗಸ್ಟ್‌ನಲ್ಲಿ ಎಲೆ ಮೇಲೆ ನೀರು ಕುಡಿದಂಥ ಕಪ್ಪು ಚುಕ್ಕೆ ಬಿದ್ದವು. ಚುಕ್ಕೆಯ ಅಂಚು ಎಳೆ ಎಳೆಯಾಗಿ ಹರಡುತ್ತಿತ್ತು. ಹದಿನೈದು ದಿನದಲ್ಲಿ ಬಳ್ಳಿ ಬೋಳು. ಪಕ್ಕದಲ್ಲಿ ಅಪ್ಪ ಹಬ್ಬಿಸಿದ್ದ ಹಳೇ ಬಳ್ಳಿಗಳನ್ನೂ ಸೊರಗು ರೋಗ ತೆಗೆದುಕೊಂಡು ಹೋಯಿತು. ಉಳಿದ ಗಿಡಗಳಲ್ಲಿ ಒಂದನ್ನು ಕಿತ್ತು ಬೇರು ತೊಳೆದು ನೋಡಿದೆ. ಬೇರಿನ ತುಂಬಾ ಸಾಸಿವೆಯಷ್ಟು ಸಣ್ಣ ಗಂಟುಗಳು, ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಕೆಲಸ. ತರುವ ದಿನವೇ ಒಂದು ಕೊಟ್ಟೆ ಹರಿದು ಬೇರು ನೋಡಬೇಕಿತ್ತು. ಎಲೆ ನೋಡಿ ತಂದೆ.

ಅವತ್ತಿನಿಂದ ನನ್ನ ಗಿಡ ನಾನೇ ಮಾಡಿಕೊಳ್ಳುತ್ತೇನೆ.

ಕೆಲಸ ಶುರುವಾಗುವುದು ನೆಡಲು ಬಳ್ಳಿಯಿಂದ ಕಡ್ಡಿ ಕತ್ತರಿಸುವಾಗ ಅಲ್ಲ, ಅದರ ಹಿಂದಿನ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಎಲ್ಲ ಬಳ್ಳಿಯೂ ಒಂದೇ ಥರ ಬಾಡಿರುತ್ತವೆ, ಯಾವುದಕ್ಕೆ ರೋಗ, ಯಾವುದಕ್ಕೆ ನೀರಿನ ಕೊರತೆ ಅಂತ ಗೊತ್ತಾಗುವುದಿಲ್ಲ. ಜಡಿಮಳೆಯಲ್ಲಿ ಎಲ್ಲಾ ಬಯಲಾಗುತ್ತದೆ. ಆಗ ತೋಟ ಸುತ್ತಿ, ಐದು ವರ್ಷ ದಾಟಿದ, ಪ್ರತಿ ವರ್ಷ ಚೆನ್ನಾಗಿ ಕರೆ (ಕಾಳಿನ ಗೊಂಚಲು) ಬಿಡುವ ಬಳ್ಳಿಗೆ ಕೆಂಪು ಬಟ್ಟೆ ಕಟ್ಟುತ್ತೇನೆ. ಎಲೆ ಸಣ್ಣದಾಗಿದ್ದರೆ, ಹಳದಿ ಮಚ್ಚೆ ಇದ್ದರೆ, ಗೆಣ್ಣುಗಳ ನಡುವಿನ ಅಂತರ ಗಿಡ್ಡ ಆಗಿದ್ದರೆ ಆ ಬಳ್ಳಿ ಬೇಡವೇ ಬೇಡ. ಅದು ವೈರಸ್ಸಿನಿಂದ ಬರುವ ಕುಬ್ಜ ರೋಗ ಇರಬಹುದು, ಅದಕ್ಕೆ ಔಷಧಿ ಇಲ್ಲ. ಕಡ್ಡಿಯ ಜೊತೆಗೇ ಹೊಸ ಗಿಡಕ್ಕೂ ಬರುತ್ತದೆ. ಕಳೆದ ವರ್ಷ ಬಟ್ಟೆ ಕಟ್ಟಿದ್ದು 14 ಬಳ್ಳಿಗೆ. ದೀಪಾವಳಿ ಹೊತ್ತಿಗೆ ಮತ್ತೆ ನೋಡಿ ಐದರ ಬಟ್ಟೆ ಬಿಚ್ಚಿದೆ.

ನವೆಂಬರ್‌ನಲ್ಲಿ ಬುಡದಿಂದ ಹೊರಟ ಹಬ್ಬು ಬಳ್ಳಿಗಳನ್ನು ನೆಲಕ್ಕೆ ಹರಿಯಲು ಬಿಡದೆ, ಒಂದು ಗೂಟ ನೆಟ್ಟು ಅದಕ್ಕೆ ಸುರುಳಿ ಸುತ್ತುತ್ತೇನೆ. ಸುಮ್ನೆ ಬಿಟ್ಟರೆ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮಣ್ಣು ಹಿಡಿದುಕೊಳ್ಳುತ್ತದೆ. ಆ ಮಣ್ಣಿನಲ್ಲಿ ಏನಿದೆಯೋ ಅದೂ ಜೊತೆಗೆ ಬಂತು, ಅಲ್ವಾ?

ಫೆಬ್ರವರಿಯಲ್ಲಿ ಬಿಸಿಲು ಏರುತ್ತಿದ್ದ ಹಾಗೆ ಕೊಟ್ಟೆ ಮಣ್ಣನ್ನು ಬೇಯಲು ಹಾಕುತ್ತೇನೆ. ಮಣ್ಣು ಎರಡು ಪಾಲು, ಮರಳು ಒಂದು, ಕೊಳೆತ ಗೊಬ್ಬರ ಒಂದು. ಅಂಗಳದಲ್ಲಿ ಗೇಣು ಎತ್ತರಕ್ಕಿಂತ ಕಡಿಮೆ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಸುತ್ತಲೂ ಅಂಚಿಗೆ ಮಣ್ಣು ಮೆತ್ತಬೇಕು. ಕಪ್ಪು ಹಾಳೆ ಹಾಕಿದರೆ ಒಳಗೆ ಅಷ್ಟು ಬಿಸಿ ಏರುವುದಿಲ್ಲ. ಮಧ್ಯಾಹ್ನ ಹಾಳೆಯ ಒಳಗಡೆ ಹನಿ ಕಟ್ಟಿ ಜಾರುತ್ತಿರುತ್ತದೆ, ಕೈ ತೂರಿಸಿದರೆ ಸುಡುತ್ತದೆ. ಐದಾರು ವಾರ ಹಾಗೇ ಬಿಡುತ್ತೇನೆ. ಈ ಶಾಖಕ್ಕೆ ಒಳ್ಳೆಯ ಜೀವಿಗಳೂ ಸಾಯುತ್ತವೆ, ಅದಕ್ಕೇ ತಣಿದ ಮೇಲೆ ಟ್ರೈಕೋಡರ್ಮಾ ಅನ್ನೋ ಒಳ್ಳೆಯ ಶಿಲೀಂಧ್ರ ಬೆರೆಸುತ್ತೇನೆ.

ಮಾರ್ಚ್ ಕೊನೆಗೆ ಕಡ್ಡಿ. ಎಳೇ ತುದಿ, ಗಟ್ಟಿ ಬುಡ ಎರಡೂ ಬಿಟ್ಟು ನಡುವಿನ ಭಾಗ, ಒಂದೊಂದರಲ್ಲಿ ಎರಡು ಮೂರು ಗೆಣ್ಣು. ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸುತ್ತೇನೆ. ಒಂದು ತಾಯಿ ಬಳ್ಳಿ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಒಂದು ಗೆಣ್ಣಾದರೂ ಮಣ್ಣಿನೊಳಗೆ ಹೋಗಬೇಕು. ಆಮೇಲೆ ನೆರಳು, ಹದವಾದ ನೀರು, ಅಷ್ಟೇ. ಆದರೆ ಕೊಟ್ಟೆಗಳನ್ನು ತೋಟದ ಮಣ್ಣಿನ ಮೇಲೆ ಇಡಬೇಡಿ. ನಾನು ಜಲ್ಲಿ ಹರಡಿ ಅದರ ಮೇಲೆ ಜೋಡಿಸುತ್ತೇನೆ. ಸೊರಗು ರೋಗದ ಸೂಕ್ಷ್ಮಜೀವಿ ನೀರಿನಲ್ಲಿ ಈಜಿಕೊಂಡು ಹೋಗುತ್ತದೆ, ಮಳೆಹನಿ ನೆಲಕ್ಕೆ ಬಡಿದು ಸಿಡಿದ ಮಣ್ಣಿನ ಜೊತೆ ಎಲೆಗೂ ಹತ್ತುತ್ತದೆ.

ಮುಂಗಾರಿಗೆ ಮೊದಲು ರೋಗ ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತೇನೆ. 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ.

ಈ ವರ್ಷ 120 ಕೊಟ್ಟೆ ಹಾಕಿದ್ದೆ. ಜೂನ್‌ನಲ್ಲಿ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, 83 ನೆಟ್ಟೆ. ಚಿಗುರದ್ದು, ಅನುಮಾನ ಬಂದಿದ್ದು ಎಲ್ಲಾ ಮಣ್ಣಿನ ಸಮೇತ ತೋಟದಿಂದ ದೂರ ಒಯ್ದು ಸುಟ್ಟೆ. ಪಕ್ಕದ ಮನೆಯವರು, "ಸುಡೋ ಬದಲು ನಮಗಾದರೂ ಕೊಡಿ" ಅಂದರು. ಕೊಡಲಿಲ್ಲ. ಬೇಜಾರು ಮಾಡಿಕೊಂಡರು. ಮಳೆ ಜೋರಾದಾಗ ಕರೆದುಕೊಂಡು ಹೋಗಿ ಕೆಂಪು ಬಟ್ಟೆಯ ಎರಡು ಬಳ್ಳಿ ತೋರಿಸಿದೆ. ನವೆಂಬರ್‌ಗೆ ಅವುಗಳ ಹಬ್ಬು ಅವರಿಗೆ. ಗೂಟ ಅವರೇ ತರುತ್ತಾರಂತೆ.